ಗಾಯದ ಸುತ್ತಲಿನ ಕೆಂಪು

ನಾನು ನಿಂತಿದ್ದದ್ದು ಮಂಚದ ತಲೆದಿಕ್ಕಿನಲ್ಲಿ, ರೋಗಿಯ ನೆತ್ತಿಗೆ ಒಂದು ಗೇಣು ದೂರದಲ್ಲಿ. ಜಾಗ ಕೊಳ್ಳೇಗಾಲದ ಒಂದು ಆಸ್ಪತ್ರೆಯ ನೆಲ ಅಂತಸ್ತಿನ ಕೊನೆಯ ಕೋಣೆ. ಕಾರ್ತಿಕದ ಒಂದು ಸೋಮವಾರ ಬೆಳಗ್ಗೆ, ಹೊರಗೆ ಚೀಟಿ ಬರೆಯುವ ಕಿಟಕಿ ಇನ್ನೂ ತೆರೆದಿರಲಿಲ್ಲ. ರೋಗಿ ಎಡ ಮಗ್ಗುಲಾಗಿ ಮಲಗಿದ್ದ. ಅವನ ಮುಖದೆದುರು ಡಾಕ್ಟರ್ ನಿಂತಿದ್ದರು. ಅವನ ಬೆನ್ನ ಹಿಂದೆ, ಗೋಡೆಯ ಕಡೆ, ಟಿ.ವಿ.ಯಂಥ ಪರದೆ ಇತ್ತು. ನನ್ನ ಎಡಗೈ ಅವನ ಹಲ್ಲುಗಳ ನಡುವೆ ಇಟ್ಟ ಪ್ಲಾಸ್ಟಿಕ್ ಬಳೆಯನ್ನು ಹಿಡಿದಿತ್ತು. ಬಲಗೈಯಲ್ಲಿ ಜೊಲ್ಲು ಹೀರುವ ಕೊಳವೆ ಇತ್ತು. ಕತ್ತನ್ನು ಸ್ವಲ್ಪ ಹೊರಳಿಸಿದರೆ ಪರದೆ ಪೂರ್ತಿ ಕಾಣುತ್ತಿತ್ತು. ಮುಂದೆ ಹೇಳುವುದನ್ನು ನಾನು ಕಣ್ಣಾರೆ ಕಂಡವನಾದ್ದರಿಂದ, ಎಲ್ಲಿಂದ ಕಂಡೆ ಎಂಬುದನ್ನು ಮೊದಲೇ ಹೇಳಿದ್ದೇನೆ.

ಮಲಗಿದ್ದವನು ಗೋಪಿನಾಥಂನ ಮೀನುಗಾರ ಮುತ್ತಯ್ಯ. ಅವನ ವಿಷಯಕ್ಕೆ ಬರುವ ಮುಂಚೆ, ಈ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಕೆಲವು ಮಾತು ಹೇಳಬೇಕು. ಅವು ಗೊತ್ತಿಲ್ಲದಿದ್ದರೆ ಅವತ್ತು ನಾನೇಕೆ ಬೆಚ್ಚಿದೆ ಎಂಬುದು ತಿಳಿಯುವುದಿಲ್ಲ.

ನನ್ನ ಹೆಸರು ಸಿದ್ದರಾಜು, ಊರು ಯಳಂದೂರು. ಎಂಡೋಸ್ಕೋಪಿ ಟೆಕ್ನಿಷಿಯನ್ ಆಗಿದ್ದು ನಿವೃತ್ತನಾದೆ. ತುದಿಯಲ್ಲಿ ದೀಪ, ಕ್ಯಾಮೆರಾ ಇರುವ ಉದ್ದನೆಯ ಕೊಳವೆಯನ್ನು ಬಾಯಿಂದ ಇಳಿಸಿ ಹೊಟ್ಟೆಯ ಒಳಗನ್ನು ನೋಡುವ ಕೆಲಸ ಅದು. ನೋಡುವವರು ಡಾಕ್ಟರ್. ತಲೆ ಅಲುಗದಂತೆ ಹಿಡಿಯುವುದು, ಜೊಲ್ಲು ತೆಗೆಯುವುದು, ಕೇಳಿದ ಸಾಮಾನು ಕೈಗೆ ಕೊಡುವುದು, ಕೊನೆಗೆ ಕೊಳವೆಯನ್ನು ತೊಳೆಯುವುದು ನಮ್ಮ ಪಾಲು. ಈ ಕೊನೆಯದನ್ನು ಸಣ್ಣ ಕೆಲಸ ಎಂದುಕೊಳ್ಳಬೇಡಿ. ಒಬ್ಬರ ರೋಗ ಇನ್ನೊಬ್ಬರ ಹೊಟ್ಟೆಗೆ ಹೋಗದಂತೆ ತಡೆಯುವವರು ನೀವೇ.

ಶುರುವಿನಲ್ಲಿ ನಾನು ಯಳಂದೂರಿನ ಒಂದು ಸಣ್ಣ ಎಕ್ಸ್‌ರೇ ಕೋಣೆಯಲ್ಲಿದ್ದೆ. ಆಗೆಲ್ಲ ಹೊಟ್ಟೆಹುಣ್ಣಿನ ಅನುಮಾನ ಬಂದರೆ ಬೇರಿಯಂ ಎಂಬ ಬಿಳಿ ದ್ರವ ಕುಡಿಸಿ, ಅದು ಒಳಗೆ ಇಳಿಯುವಾಗ ಎಕ್ಸ್‌ರೇ ತೆಗೆಯುತ್ತಿದ್ದೆವು. ಲೋಟದ ತುಂಬ ಸುಣ್ಣದ ತಿಳಿಯಂತೆ ಕಾಣುತ್ತಿತ್ತು. ಒಬ್ಬ ಅಜ್ಜಿ ಅದನ್ನು ಮೂಸಿ ನೋಡಿ, "ಸುಣ್ಣ ಕೊಟ್ಟಲ್ಲಾ ಮಗ, ಅಂಗೇ ಎಲೆ ಅಡ್ಕೆನೂ ಕೊಟ್ಬುಡು, ಇಲ್ಲೇ ಕುಂತು ಆಕತೀನಿ" ಅಂದಿದ್ದಳು. ಕುಡಿಸಿದ ಮೇಲೆ ನಮಗೆ ಸಿಗುತ್ತಿದ್ದದ್ದು ಹೊಟ್ಟೆಯ ನೆರಳು ಮಾತ್ರ. ಹುಣ್ಣಿರುವಲ್ಲಿ ಬೇರಿಯಂ ನಿಂತು ಒಂದು ಚುಕ್ಕೆಯಾಗುತ್ತಿತ್ತು. ಆ ಚುಕ್ಕೆಯ ಬಣ್ಣವೇನು, ಅದರ ಅಂಚು ಹೇಗಿದೆ ಎಂಬುದು ನೆರಳಿನಲ್ಲಿ ತಿಳಿಯುತ್ತಿರಲಿಲ್ಲ.

ಕೊಳ್ಳೇಗಾಲಕ್ಕೆ ಬಂದಾಗ ಸ್ಕೋಪ್, ಅಂದರೆ ಆ ದೀಪದ ಕೊಳವೆ, ಇತ್ತು; ಪರದೆ ಇರಲಿಲ್ಲ. ಡಾಕ್ಟರು ಒಂದು ಕಣ್ಣು ಮುಚ್ಚಿ ಇನ್ನೊಂದು ಕಣ್ಣನ್ನು ಕೊಳವೆಯ ಮೇಲ್ತುದಿಗೆ ಇಟ್ಟು ನೋಡುತ್ತಿದ್ದರು. ನಾವು ಅವರ ಮುಖ ನೋಡಿ ಒಳಗೆ ಏನಿದೆ ಎಂದು ಊಹಿಸುತ್ತಿದ್ದೆವು. ಹುಬ್ಬು ಗಂಟಾದರೆ ಕೆಟ್ಟದ್ದು, ತುಟಿ ಸಡಿಲವಾದರೆ ಒಳ್ಳೆಯದು. ಪರದೆ ಬಂದ ದಿನ ಕೋಣೆಯಲ್ಲಿದ್ದವರೆಲ್ಲ ಮೊದಲ ಸಲ ಒಟ್ಟಿಗೆ ಹೊಟ್ಟೆಯ ಒಳಗನ್ನು ನೋಡಿದೆವು. ನಸುಗೆಂಪು ಬಣ್ಣ, ತೊಟ್ಟಿಲ ಬಟ್ಟೆಯಂಥ ಮಡಿಕೆಗಳು, ಮೇಲೆ ಆಗತಾನೆ ಎಣ್ಣೆ ಸವರಿದಂಥ ಹೊಳಪು. ನರ್ಸ್ ರಾಜಮ್ಮನವರು ಕೈಯಲ್ಲಿದ್ದ ಟ್ರೇ ಕೆಳಗಿಡುವುದನ್ನೇ ಮರೆತು ನಿಂತಿದ್ದರು.

ನಾನು ಕೆಲಸ ಕಲಿತದ್ದು ಡಾ. ವಿಶಾಲಾಕ್ಷಿ ಅವರ ಹತ್ತಿರ. ಎಲ್ಲರೂ ಮೇಡಂ ಎನ್ನುತ್ತಿದ್ದೆವು. ಬಾಯಿ ಜೋರು, ಕೈ ಮಾತ್ರ ಬಹಳ ಮೃದು. ಒಮ್ಮೆ ಹನೂರಿನ ಎಮ್ಮೆ ವ್ಯಾಪಾರಿಯೊಬ್ಬನಿಗೆ ಸ್ಕೋಪ್ ಹಾಕಿದಾಗ ಹೊಟ್ಟೆಯ ತಳದಲ್ಲಿ ಕೆಂಪು ನೀರು ನಿಂತಿತ್ತು. "ರಕ್ತ" ಎಂದರು ಮೇಡಂ. ತೊಳೆದು, ಹೀರಿ, ಮೂಲೆಮೂಲೆ ಹುಡುಕಿದರು. ಎಲ್ಲಿಯೂ ಗಾಯವಿಲ್ಲ. ಕೊನೆಗೆ ಒಂದು ಮಡಿಕೆಯ ಸಂದಿಯಿಂದ ಚೂರು ಅಡಿಕೆ ತೇಲಿಬಂತು. ಕೊಳವೆ ಹೊರಗೆ ಬಂದ ಮೇಲೆ ಅವನನ್ನು ಕೇಳಿದರೆ, "ಏನೂ ತಿನ್ಬ್ಯಾಡ ಅಂದಿದ್ರಿ, ತಿನ್ನಿಲ್ಲ ಕಣ್ರವ್ವ. ಬಾಯಿ ಬಣಬಣ ಅಂತಿತ್ತು, ಒಂದ್ ಎಲೆ ಅಡ್ಕೆ ಆಕಂಡೆ" ಅಂದ. ಮೇಡಂ ನಗುವುದನ್ನು ನಿಲ್ಲಿಸಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ನಮ್ಮ ಕೋಣೆಗೆ ಒಂದು ನಿಯಮ ಮಾಡಿದರು: ಏನು ಕಂಡಿತು ಎಂಬುದನ್ನು ಮೊದಲು ಹೇಳಬೇಕು, ಅದೇನು ಎಂಬುದನ್ನು ಆಮೇಲೆ. ಕೆಂಪು ಕಂಡರೆ ಕೆಂಪು ಎನ್ನಿ. ರಕ್ತವೋ ಎಲೆಯಡಿಕೆಯೋ ಎಂಬುದು ಎರಡನೆಯ ಮಾತು. ನಿಯಮ ಅವರಿಗೂ ಸೇರಿ. ಅಂದಿನಿಂದ ಪ್ರತಿ ಸಲ ಸ್ಕೋಪ್ ಒಳಗಿರುವಾಗ, "ಸಿದ್ದರಾಜು, ಏನ್ ಕಾಣ್ತದೆ?" ಎಂದು ಕೇಳುವುದು ರೂಢಿಯಾಯಿತು.

ಇನ್ನು ಮುತ್ತಯ್ಯ.

ಗೋಪಿನಾಥಂ ತಮಿಳುನಾಡಿನ ಗಡಿಯ ಕಾಡಿನ ಊರು. ಬಸ್ಸು ಕಡಿಮೆ. ಮುತ್ತಯ್ಯ ಹೊಳೆಯಲ್ಲಿ ತೆಪ್ಪ ಹಾಕಿ ಮೀನು ಹಿಡಿಯುತ್ತಿದ್ದ. ಹಿಂದಿನ ವರ್ಷ ಎದೆನೋವು ಬಂದು, ಮೈಸೂರಿನಲ್ಲಿ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದರು. ಅದು ಮುಚ್ಚಿಹೋಗದಂತೆ ರಕ್ತ ಗಟ್ಟಿಯಾಗುವುದನ್ನು ತಡೆಯುವ ಮಾತ್ರೆಯನ್ನು ದಿನವೂ ನುಂಗಬೇಕಿತ್ತು. ಆಸ್ಪಿರಿನ್. ಹೃದಯಕ್ಕೆ ಅದು ಕಾವಲು. ಕೆಲವರ ಹೊಟ್ಟೆಗೆ ಮಾತ್ರ ಅದೇ ಕೇಡು. ಒಳಪದರವನ್ನು ಕೊರೆದು ಹುಣ್ಣು ಮಾಡುತ್ತದೆ. ಮುತ್ತಯ್ಯನಿಗೆ ಹಾಗೇ ಆಗಿತ್ತು. ಹುಣ್ಣಿನಿಂದ ರಕ್ತ ಜಿನುಗಿ, ಮಲ ಕಪ್ಪಾಗಿ ಹೋಗುತ್ತಿತ್ತು.

ಅದನ್ನು ಮನೆಯವರು ಕಂಡಿದ್ದರು. ಕಂಡೂ ಗಾಬರಿಯಾಗಲಿಲ್ಲ. ಹೆಂಡತಿ ಚಿನ್ನತಾಯಿ ನನಗೆ ಹೇಳಿದ್ದು ಹೀಗೆ: "ಇಟ್ಟು ಉಣ್ಣೋ ಮಂದಿಗೆ ಕರ್ರಗೆ ಓಗ್ದೆ ಇನ್ನೆಂಗ್ ಓದದು ಸಾ? ಮ್ಯಾಲೆ ಬೆರಕೆ ಸೊಪ್ಪು ಬೇರೆ. ಸೊಪ್ಪಿಂದೇ ಇರ್ಬೇಕು ಅಂದ್ಕಂಡು ಸೊಪ್ಪ ನಿಲ್ಸ್‌ಬುಟ್ಟೆ. ಬಸ್ದ ನೀರ ಹೊರಕ್ಕೆ ಚೆಲ್ಬುಟ್ಟೆ. ಆದ್ರೂ ಕರ್ರಗೇ ಓಯ್ತಿತ್ತು. ಆಮ್ಯಾಕೆ ತೆಪ್ಪ ಎತ್ತೋಕೋದೋರು ಅಲ್ಲೇ ಕುಸ್ದ್‌ಬುಟ್ರು."

ನಮ್ಮ ಕಡೆಯ ನಿತ್ಯದ ಊಟ ಇಟ್ಟು, ಅಂದರೆ ರಾಗಿಮುದ್ದೆ, ಜೊತೆಗೆ ಉಪ್ಸಾರು. ಸೊಪ್ಪು ಕಾಳು ಬೇಯಿಸಿ ಬಸಿದ ನೀರಿಗೆ ಕಾರ ಕಲಸಿ ಉಣ್ಣುವುದೇ ಉಪ್ಸಾರು. ಇದನ್ನು ಉಣ್ಣುವ ಮನೆಯಲ್ಲಿ ಮಲ ಕಪ್ಪಗಿದ್ದರೆ ಯಾರೂ ಎರಡನೇ ಸಲ ಯೋಚಿಸುವುದಿಲ್ಲ. ಆದ್ದರಿಂದ ಹೊಸಬರೇ, ಕಪ್ಪಾಗಿತ್ತೇ ಎಂದು ಕೇಳಿ ಬಿಡಬೇಡಿ. ಡಾಂಬರಿನಂತೆ ಅಂಟುತ್ತಿತ್ತೇ, ನಾತ ಎಂದಿನಂತಿರಲಿಲ್ಲವೇ ಎಂದು ಕೇಳಿ. ರಾಗಿಯ ಕಪ್ಪು ಅಂಟುವುದಿಲ್ಲ.

ಮೀನಿನ ವ್ಯಾನಿನಲ್ಲಿ ಪಾಲಾರ್ ದಾಟಿ, ಬೆಟ್ಟ ಹತ್ತಿ ಇಳಿದು, ಹನೂರಿನ ಮೇಲೆ ಅವನನ್ನು ಕೊಳ್ಳೇಗಾಲಕ್ಕೆ ತಂದರು. ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿದರೆ ಸುಣ್ಣದ ಗೋಡೆ. ಉಗುರು, ತುಟಿ, ಅಂಗೈ ಎಲ್ಲವೂ ಬಿಳಿ. ರಕ್ತ ಏರಿಸಲು ಶುರುಮಾಡಿ, ನಾಡಿ ಒಂದು ಹದಕ್ಕೆ ಬಂದ ಮೇಲೆ ಸ್ಕೋಪ್ ಇಳಿಸಿದೆವು.

ಮೊದಲು ಪರದೆಯ ಮೇಲೆ ಕಾಫಿಯ ಚರಟದಂಥದ್ದು ಬಂತು. ಅದು ಹಳೆಯ ರಕ್ತ. ಮೇಡಂ ನೀರು ಹಾಯಿಸಿ ತೊಳೆದರು. ಒಳಪದರ ಕಾಣಿಸಿತು. ಅಷ್ಟು ವರ್ಷಗಳಲ್ಲಿ ನಾನು ಅಂಥ ಬಿಳಿಚಿದ ಹೊಟ್ಟೆಯನ್ನು ನೋಡಿರಲಿಲ್ಲ. ನಸುಗೆಂಪು ಎಲ್ಲಿಯೂ ಇಲ್ಲ. ನೆನೆಸಿಟ್ಟ ಅವಲಕ್ಕಿಯ ಬಣ್ಣ. ಕೊಳವೆ ಹೊಟ್ಟೆಯ ಕೆಳಬಾಯಿಯ ಹತ್ತಿರ ಹೋಯಿತು. ಅಲ್ಲಿ ಹುಣಸೆಬೀಜದಷ್ಟು ಗಾತ್ರದ ಹುಣ್ಣು. ತಳ ಬೆಳ್ಳಗೆ, ಒಂದು ಕಡೆಯಿಂದ ರಕ್ತ ಸಣ್ಣಗೆ ಜಿನುಗುತ್ತಿತ್ತು.

"ಏನ್ ಕಾಣ್ತದೆ?"

"ಎಲ್ಲಾ ಬಿಳುಪು ಮೇಡಂ. ಹುಣ್ಣಿನ ಎಡಗಡೆ ರಕ್ತ ಜಿನುಗ್ತಾ ಇದೆ." ನಾನು ಇನ್ನೊಮ್ಮೆ ನೋಡಿದೆ. "ಹುಣ್ಣಿನ ಸುತ್ತ ಮಾತ್ರ ಕೆಂಪು. ಬಳೆ ಹಂಗೆ."

ರಾಜಮ್ಮನವರು ಪರದೆಯ ಹತ್ತಿರ ಒಂದು ಹೆಜ್ಜೆ ಬಂದರು. ಹೌದು, ಬಿಳಿಚಿದ ಆ ಬಯಲಿನ ನಡುವೆ ಗಾಯದ ಸುತ್ತ ಒಂದು ಉಂಗುರ, ಹೊಸ ಕುಂಕುಮದಷ್ಟು ಕೆಂಪಾಗಿತ್ತು. ತುಟಿಗೆ ರಕ್ತವಿಲ್ಲ, ಕೈಗೆ ಇಲ್ಲ, ಹೊಟ್ಟೆಯ ಉಳಿದ ಭಾಗಕ್ಕೂ ಇಲ್ಲ. ಇದ್ದ ಅಷ್ಟಿಷ್ಟನ್ನು ಆ ಮೈ ಅಲ್ಲಿಗೆ ಕಳಿಸಿತ್ತು. ನನ್ನ ಕೈಯ ರೋಮ ಎದ್ದಿತು. ಹಿಡಿದಿದ್ದ ಬಳೆ ಸಡಿಲವಾಗಿತ್ತು. ಮೇಡಂ "ಗಟ್ಟಿಯಾಗಿ ಹಿಡ್ಕೊ" ಎಂದಾಗ ಗೊತ್ತಾಯಿತು. ಅವರು ಸೂಜಿಯಿಂದ ಔಷಧಿ ಚುಚ್ಚಿ, ಒಂದು ಸಣ್ಣ ಲೋಹದ ಕ್ಲಿಪ್ ಹಾಕಿದರು. ಜಿನುಗುವುದು ನಿಂತಿತು.

ನಾನು ಸ್ಕೋಪ್ ತೊಳೆಯುವಾಗ ಮೇಡಂ ಟೀ ಲೋಟ ಹಿಡಿದು ಬಾಗಿಲಲ್ಲಿ ನಿಂತರು. ನಾನೇ ಕೇಳಿದೆ, "ಅದೇನು ಮೇಡಂ, ಅಲ್ಲಿ ಮಾತ್ರ ಕೆಂಪು?"

"ಉರಿಯೂತ ಅಂತ ಬರೀತೀನಿ. ಅದು ಸುಳ್ಳಲ್ಲ. ಆದ್ರೆ ರಕ್ತ ಅಲ್ಲಿಗೆ ಬರ್ಬೇಕಾದ್ರೆ ಯಾರೋ ನಾಳದ ಬಾಗಿಲು ತೆಗೀಬೇಕಲ್ಲ?" ಎಂದರು. "ಕೋಳಿ ತಿಂತೀಯ. ಹೊಟ್ಟೆಯ ಆಮ್ಲ ಆ ಮಾಂಸವನ್ನ ಕರಗಿಸ್ತದೆ. ಹೊಟ್ಟೆನೂ ಮಾಂಸವೇ. ಅದ್ಯಾಕೆ ಕರಗಲ್ಲ ಹೇಳು ನೋಡೋಣ."

ಇಷ್ಟು ವರ್ಷ ಹೊಟ್ಟೆ ನೋಡಿದವನು ನಾನು. ಆ ಪ್ರಶ್ನೆ ನನಗೆ ಬಂದೇ ಇರಲಿಲ್ಲ.

ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ನಾನು ವೈದ್ಯನಲ್ಲ. ಹೊಟ್ಟೆಯ ಒಳಪದರ ತನ್ನ ಮೇಲೆ ತಾನೇ ಲೋಳೆ ಸುರಿಸಿಕೊಳ್ಳುತ್ತದೆ. ಆ ಹೊಳಪು ಅದೇ. ಅದರ ಕೆಳಗೆ ರಕ್ತ ಹರಿಯುತ್ತಲೇ ಇರಬೇಕು. ಒಳಗೆ ನುಸುಳಿದ ಆಮ್ಲವನ್ನು ಅದು ತೊಳೆದುಕೊಂಡು ಹೋಗುತ್ತದೆ, ಸವೆದ ಜೀವಕೋಶಗಳ ಜಾಗಕ್ಕೆ ಹೊಸವು ಬರಲು ಬೇಕಾದ್ದನ್ನು ತಂದುಕೊಡುತ್ತದೆ. ಲೋಳೆ ಸುರಿ, ನಾಳ ಹಿಗ್ಗಿಸು ಎಂದು ಹೇಳಲು ಮೈಯಲ್ಲಿ ಕೆಲವು ದೂತರಿದ್ದಾರೆ. ಆಸ್ಪಿರಿನ್ ಅವರಲ್ಲಿ ಒಂದು ಬಗೆಯವರ ಬಾಯಿ ಕಟ್ಟುತ್ತದೆ. ಹಾಗೆ ಕಟ್ಟಿದಾಗಲೂ ಕೆಲಸ ಬಿಡದ ಇನ್ನೊಬ್ಬನಿದ್ದಾನೆ. ಅವನ ಹೆಸರು ನೈಟ್ರಿಕ್ ಆಕ್ಸೈಡ್.

"ಅದು ಗಾಳಿ ಕಣಯ್ಯ," ಎಂದರು ಮೇಡಂ. "ಲಾರಿ ಹೊಗೇಲಿ ಇರ್ತದಲ್ಲ, ಮಿಂಚು ಹೊಡೆದಾಗ ಆಕಾಶದಲ್ಲಿ ಹುಟ್ತದಲ್ಲ, ಅದೇ ಗಾಳಿ. ನಮ್ಮ ಮೈಯ ಜೀವಕೋಶ ಅದನ್ನ ತಾನೇ ಮಾಡ್ಕೊಳ್ತದೆ. ಮೈಯೊಳಗೆ ಅದರ ಆಯುಸ್ಸು ಕೆಲವೇ ಸೆಕೆಂಡು. ಹುಟ್ಟಿದ ಜಾಗದಿಂದ ಒಂದೆರಡು ಕೂದಲೆಳೆಯಷ್ಟು ದೂರ ಹೋಗ್ತದೆ, ಮುಗೀತು. ಅಷ್ಟರೊಳಗೆ ಹೇಳೋದು ಹೇಳಿಬಿಡ್ತದೆ. ಇನ್ನೊಂದು ಹುಟ್ತದೆ. ಮತ್ತೊಂದು. ನೀನು ಹುಟ್ಟಿದಾಗಿಂದ ಇವತ್ತಿನವರೆಗೂ ಅದು ನಿಂತಿಲ್ಲ."

ನಾನು ನಲ್ಲಿ ನಿಲ್ಲಿಸಿದೆ.

"ಇನ್ನೂ ಒಂದು ದಾರಿ ಅದೆ," ಎಂದರು. "ಸೊಪ್ಪು ಮಣ್ಣಿಂದ ನೈಟ್ರೇಟ್ ಅನ್ನೋ ಉಪ್ಪು ಎಳ್ಕೊಳ್ತದೆ. ಸೊಪ್ಪು ಬೇಯಿಸಿದ್ರೆ ಅದ್ರಲ್ಲಿ ಬಹಳಷ್ಟು ಬಸಿದ ನೀರಿಗೆ ಬರ್ತದೆ. ನಾವು ಉಂಡ ಮೇಲೆ ಅದು ರಕ್ತಕ್ಕೆ ಸೇರ್ತದೆ. ಬಾಯಲ್ಲಿರೋ ಜೊಲ್ಲಿನ ಗ್ರಂಥಿಗಳು ಅದನ್ನ ರಕ್ತದಿಂದ ಆರಿಸಿ ತೆಗೆದು ಜೊಲ್ಲಿಗೆ ಬಿಡ್ತವೆ. ನಾಲಿಗೆಯ ಹಿಂಭಾಗದಲ್ಲಿ ಬ್ಯಾಕ್ಟೀರಿಯಾ ಕೂತಿರ್ತವೆ. ಅವು ಅದನ್ನ ಒಂದು ಸುತ್ತು ಮಾರ್ಪಡಿಸ್ತವೆ. ನಾವು ಜೊಲ್ಲು ನುಂಗ್ತೀವಿ. ಹೊಟ್ಟೆಯ ಆಮ್ಲ ತಾಗಿದ ಕೂಡಲೇ ಅದ್ರಿಂದ ಅದೇ ಗಾಳಿ ಏಳ್ತದೆ. ಸುಡೋ ಆಮ್ಲವೇ ತನ್ನಿಂದ ಕಾಯೋದನ್ನೂ ಹುಟ್ಟಿಸ್ತದೆ ನೋಡು."

ನಾನು ಗೋಡೆಯ ಮೇಲಿದ್ದ ಗಾಜಿನ ಸೀಸೆಯ ಕಡೆ ನೋಡಿದೆ. ರೋಗಿಗಳ ಬಾಯಿಯಿಂದ ಹೀರಿದ ಜೊಲ್ಲು ಬಂದು ಬೀಳುವ ಸೀಸೆ. ಸಂಜೆ ಅದನ್ನು ಚರಂಡಿಗೆ ಸುರಿದು, ಮೂಗು ಮುಚ್ಚಿಕೊಂಡು ತೊಳೆಯುವುದು ನನ್ನ ಕೆಲಸ. ಅವತ್ತೂ ಸುರಿದೆ, ಸುರಿಯಲೇಬೇಕು. ಆದರೆ ಮೂಗು ಮುಚ್ಚಿಕೊಳ್ಳಲು ಕೈ ಏಳಲಿಲ್ಲ.

ಒಂದು ಎಚ್ಚರಿಕೆ ಹೇಳಬೇಕು. ಸೊಪ್ಪು ತಿಂದರೆ ಹುಣ್ಣು ಮಾಯುತ್ತದೆ ಎಂದು ಮೇಡಂ ಹೇಳಲಿಲ್ಲ, ನಾನೂ ಹೇಳುತ್ತಿಲ್ಲ. ಮುತ್ತಯ್ಯನ ಜೀವ ಉಳಿಸಿದ್ದು ಏರಿಸಿದ ರಕ್ತ, ಹಾಕಿದ ಕ್ಲಿಪ್, ಆಮ್ಲ ತಗ್ಗಿಸುವ ಔಷಧಿ. ಮೈ ತನ್ನ ಕಡೆಯಿಂದ ಏನು ಮಾಡುತ್ತಿತ್ತು ಎಂಬುದನ್ನು ನಾನು ಕಂಡೆ ಎಂದಷ್ಟೇ ಹೇಳುತ್ತಿದ್ದೇನೆ.

ಕಷ್ಟ ಇನ್ನೂ ಮುಗಿದಿರಲಿಲ್ಲ. ಆಸ್ಪಿರಿನ್ ನಿಲ್ಲಿಸಿದರೆ ಸ್ಟೆಂಟ್ ಮುಚ್ಚಿ ಹೃದಯ ನಿಲ್ಲಬಹುದು. ಮುಂದುವರಿಸಿದರೆ ಹೊಟ್ಟೆ ಮತ್ತೆ ರಕ್ತ ಸುರಿಸಬಹುದು. ಮೇಡಂ ಮೈಸೂರಿನ ಹೃದಯದ ಡಾಕ್ಟರ ಜೊತೆ ಫೋನಿನಲ್ಲಿ ಬಹಳ ಹೊತ್ತು ಮಾತಾಡಿದರು. ಆಮ್ಲ ತಗ್ಗಿಸುವ ಮಾತ್ರೆಯ ಕಾವಲಿನಲ್ಲಿ ಆಸ್ಪಿರಿನ್ ಮತ್ತೆ ಶುರುಮಾಡುವುದು, ಬಿಡಬಾರದು ಎಂದು ತೀರ್ಮಾನವಾಯಿತು. ಅದನ್ನು ಚಿನ್ನತಾಯಿಗೆ ಹೇಳಿದಾಗ ಆಕೆ ತಲೆ ಅಲ್ಲಾಡಿಸಿದಳು. ಹೂಂ ಎಂದಳೋ ಊಹೂಂ ಎಂದಳೋ ಯಾರೂ ಗಮನಿಸಲಿಲ್ಲ.

ಮರುದಿನ ವಾರ್ಡಿನಿಂದ ರಾಜಮ್ಮನವರ ದನಿ ಕೇಳಿಸಿತು. ಕಸದ ಬಕೆಟ್ಟಿನಿಂದ ಎತ್ತಿದ ಎರಡು ಮಾತ್ರೆಪಟ್ಟಿ ಅವರ ಕೈಯಲ್ಲಿದ್ದವು.

"ಯಾರವ್ವ ಇದ ಬಿಸಾಕ್ದೋರು?"

"ನಾನೇ," ಎಂದಳು ಚಿನ್ನತಾಯಿ. ಮಂಚಕ್ಕೆ ಅಡ್ಡ ನಿಂತಿದ್ದಳು. "ಈ ಮಾತ್ರೆನೇ ಅಲ್ವಾ ಅವ್ರ ಒಟ್ಟೆ ತೂತು ಮಾಡಿದ್ದು? ಮತ್ತೆ ಅದ್ನೇ ಕೊಡ್ತೀವಿ ಅಂದ್ರೆ ನಾನು ಬುಟ್ಟೇನಾ?"

"ಡಾಕ್ಟ್ರು ಓದಿರೋರೋ ನೀನೋ?"

"ಅವ್ರು ಓದವ್ರೆ. ತಾಳಿ ನಂದು."

ಮುತ್ತಯ್ಯ ಮಲಗಿದ್ದಲ್ಲಿಂದಲೇ, "ಸುಮ್ಕಿರು ಚಿನ್ನಾ. ನೀನು ಅರಚಾಡೋದು ಕೇಳಿ ಹೊಳೆ ಮೀನೆಲ್ಲಾ ತಮಿಳ್ನಾಡಿಗೆ ಓಡೋದ್ವು ಅಂತ ಊರೋರು ಆಡ್ಕತಾರೆ" ಅಂದ. ಪಕ್ಕದ ಮಂಚದವರು ನಕ್ಕರು. ಚಿನ್ನತಾಯಿ ನಗಲಿಲ್ಲ.

ರಾಜಮ್ಮನವರು ಹೇಳಿ ಕಳಿಸಿದ ಮೇಲೆ ಮೇಡಂ ಬಂದರು. ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. "ಬಾ ಚಿನ್ನತಾಯಿ, ಒಂದು ತೋರಿಸ್ತೀನಿ" ಎಂದು ನಮ್ಮ ಕೋಣೆಗೆ ಕರೆತಂದು, ಹಿಂದಿನ ದಿನ ತೆಗೆದಿಟ್ಟ ಚಿತ್ರವನ್ನು ಪರದೆಗೆ ಹಾಕಿಸಿದರು.

"ಇದು ನಿನ್ನ ಗಂಡನ ಹೊಟ್ಟೆ. ಬಿಳಿಚ್ಕೊಂಡಿದೆ, ಕಾಣ್ತಾ? ಇದು ಗಾಯ. ಇದರ ಸುತ್ತ ಏನದೆ?"

"ಕೆಂಪಗದೆ."

"ಮೈಯಲ್ಲಿ ರಕ್ತವೇ ಇರ್ಲಿಲ್ಲ. ಇದ್ದದ್ದನ್ನ ಇಲ್ಲಿಗೆ ಕಳಿಸಿದೆ. ಹೊಟ್ಟೆ ಬದುಕೋಕೆ ಇಷ್ಟು ಪಾಡು ಪಡ್ತಾ ಅದೆ. ಅದಕ್ಕೆ ನಾನು ಬೇರೆ ಮಾತ್ರೆ ಕೊಟ್ಟು ಸಹಾಯ ಮಾಡ್ತೀನಿ. ಹೃದಯಕ್ಕೂ ಹಿಂಗೇ ರಕ್ತ ಬೇಕು. ನೀನು ಬಿಸಾಕಿದ್ದು ಅದರ ದಾರಿ ತೆರೆದಿಡೋ ಮಾತ್ರೆ. ಇನ್ನೊಂದು ಪಟ್ಟಿ ಎಸೆದಿದ್ದೀಯಲ್ಲ, ಎದೆನೋವು ಬಂದ್ರೆ ನಾಲಿಗೆ ಕೆಳಗೆ ಇಟ್ಕೊಳ್ಳೋದು, ಅದು ಮೈಯೊಳಗೆ ಹುಟ್ಸೋದು ಯಾವ ಗಾಳೀನ ಗೊತ್ತಾ? ಈ ಕೆಂಪಿಗೆ ಬಾಗಿಲು ತೆಗೆದ ಗಾಳೀನೇ."

ಕೊನೆಯ ಮಾತು ಕೇಳಿ ನಾನೂ ತಿರುಗಿ ನೋಡಿದೆ. ನಾಲಿಗೆಯ ಕೆಳಗಿನ ಮಾತ್ರೆಯನ್ನು ಎಷ್ಟೋ ಜನರ ಬಾಯಿಗೆ ನಾನೇ ಇಟ್ಟಿದ್ದೆ. ಅದು ಹೃದಯದಲ್ಲಿ ಮಾಡುವುದು, ಗಾಯದ ಅಂಚಿನಲ್ಲಿ ಆದದ್ದು ಒಂದೇ ಎಂದು ಅವತ್ತೇ ತಿಳಿದದ್ದು.

ಚಿನ್ನತಾಯಿ ಪರದೆಯ ಹತ್ತಿರ ಹೋಗಿ ಆ ಕೆಂಪನ್ನು ಬಗ್ಗಿ ನೋಡಿದಳು. ಆಮೇಲೆ, "ಸರಿ ಕನವ್ವ. ಆದ್ರೆ ಮಾತ್ರೆ ನನ್ ಕೈಯಿಂದ್ಲೇ ಕೊಡ್ತೀನಿ. ಅವ್ರ ಕೈಗೆ ಕೊಟ್ರೆ ಉಣ್ದೆನೇ ನುಂಗ್‌ಬುಡ್ತಾರೆ" ಎಂದಳು. ಬಾಗಿಲ ತನಕ ಹೋದವಳು ತಿರುಗಿ ಕೇಳಿದಳು: "ಸೊಪ್ಪು?"

"ಕೊಡು. ಯಾರು ಬೇಡ ಅಂದ್ರು? ಕಾರ ಕಮ್ಮಿ ಮಾಡು. ಬಸಿದ ನೀರು ಚೆಲ್ಬೇಡ."

ಅವರನ್ನು ಊರಿಗೆ ಕಳಿಸುವಾಗ, ಎರಡು ತಿಂಗಳ ನಂತರ ಬಂದು ಇನ್ನೊಮ್ಮೆ ನೋಡಿಸಿಕೊಳ್ಳಿ ಎಂದು ಹೇಳಿದೆವು. ಹೇಳಿದ ದಿನ ಬರಲಿಲ್ಲ. ಮರುವಾರವೂ ಇಲ್ಲ. ಕೊಟ್ಟಿದ್ದ ಫೋನ್ ನಂಬರಿಗೆ ಸಿಗ್ನಲ್ ಸಿಗುತ್ತಿರಲಿಲ್ಲ. ಮೇಡಂ ಬೆಳಗ್ಗೆ ಬಂದವರೇ ಚಪ್ಪಲಿ ಬಿಡುತ್ತಾ, "ಗೋಪಿನಾಥಂ ಬಂತಾ?" ಎನ್ನುತ್ತಿದ್ದರು. ಇಲ್ಲ ಎಂದರೆ ಮುಂದೇನೂ ಕೇಳುತ್ತಿರಲಿಲ್ಲ. ಮಾತ್ರೆ ಮುಂದುವರಿಸಿ ಎಂದವರು ಅವರು. ರಕ್ತ ಮತ್ತೆ ಸುರಿದು ಆ ಕಾಡಿನಲ್ಲೇ ಏನಾದರೂ ಆಗಿದ್ದರೆ ನಮಗೆ ಸುದ್ದಿಯೂ ಬರುವುದಿಲ್ಲ. ಒಂದು ದಿನ ರಾಜಮ್ಮನವರು ಗೋಪಿನಾಥಂ ಬಸ್ಸಿನ ಕಂಡಕ್ಟರನ್ನು ಹುಡುಕಿಕೊಂಡು ಬಸ್‌ಸ್ಟ್ಯಾಂಡಿಗೇ ಹೋಗಿ ವಿಚಾರಿಸಿದರು. ಅವನು ಆ ದಾರಿಗೆ ಹೊಸಬ. ಮುತ್ತಯ್ಯ ಯಾರೆಂದು ಗೊತ್ತಿರಲಿಲ್ಲ.

ಅವರು ಬಂದದ್ದು ಒಂದು ಗುರುವಾರ ಬೆಳಗ್ಗೆ, ಕೊನೆಯ ರೋಗಿಯನ್ನು ಕಳಿಸಿ ನಾನು ಕೊಳವೆ ತೊಳೆಯುತ್ತಿದ್ದಾಗ. ಮುತ್ತಯ್ಯ ತಾನೇ ನಡೆದು ಬಂದ. ತುಟಿಗೆ ಬಣ್ಣ ಬಂದಿತ್ತು. ಚಿನ್ನತಾಯಿಯ ಕೈಯಲ್ಲಿ ಎಲೆ ಮುಚ್ಚಿದ ಮೀನಿನ ಬುಟ್ಟಿ.

"ಯಾಕೆ ಇಷ್ಟು ತಡ?" ಮೇಡಂ ಗದರಿದರು.

"ಹೊಳೇಲಿ ನೀರು ಇಳ್ದಿತ್ತು ಮೇಡಮ್ಮೋರೆ, ಮೀನು ಸಿಕ್ತಿದ್ದ ಕಾಲ. ಆಸ್ಪತ್ರೆ ಎಲ್ಲೂ ಓಡೋಗಲ್ಲ, ಮೀನು ಓಯ್ತದೆ," ಎಂದ ಮುತ್ತಯ್ಯ. "ನಾನು ಇವ್ಳು ಏಳಿದಂಗೆ ಕೇಳ್ಕಂಡಿವ್ನಿ. ಮಾತ್ರೆ ಕೊಟ್ಟು ಬಾಯಿ ತೆಗ್ಸಿ ನೋಡ್ತಾಳೆ, ನುಂಗಿದ್ನಾ ಇಲ್ವಾ ಅಂತ. ಪೋಲೀಸ್ನೋರೂ ಇಂಗ್ ನೋಡಲ್ಲ."

ಬರಿಹೊಟ್ಟೆಯಲ್ಲೇ ಬಂದಿದ್ದ. ಗಂಟಲಿಗೆ ಮರಗಟ್ಟಿಸುವ ಔಷಧಿ ಸಿಂಪಡಿಸಿ, ಎಡ ಮಗ್ಗುಲಾಗಿ ಮಲಗಿಸಿದೆವು. ನಾನು ನನ್ನ ಜಾಗದಲ್ಲಿ ನಿಂತೆ. ಮನೆಯವರನ್ನು ಒಳಗೆ ಬಿಡುವ ಪದ್ಧತಿ ನಮ್ಮಲ್ಲಿರಲಿಲ್ಲ. ಮೇಡಂ ಬಾಗಿಲ ಕಡೆ ನೋಡಿ, "ಅವಳನ್ನೂ ಕರಿ" ಎಂದರು. ಚಿನ್ನತಾಯಿ ಬಂದು ನನ್ನ ಪಕ್ಕ, ಗಂಡನ ತಲೆಯ ಹತ್ತಿರ ನಿಂತಳು. ರಾಜಮ್ಮನವರು ಅವಳ ಹಿಂದೆ.

ಹೊಟ್ಟೆ ಪರದೆಯ ಮೇಲೆ ತೆರೆದುಕೊಂಡಿತು. ನಸುಗೆಂಪು ಮರಳಿತ್ತು. ಹೊಳಪು ಮರಳಿತ್ತು. ಹುಣ್ಣಿದ್ದ ಜಾಗಕ್ಕೆ ಕೊಳವೆ ಹೋಯಿತು. ನಾನು ಹುಡುಕಬೇಕಾಯಿತು. ಹುಣಸೆಬೀಜದಷ್ಟಿದ್ದ ಗಾಯದ ಬದಲು ಒಂದು ಸಣ್ಣ ಬಿಳಿ ಗೆರೆ ಇತ್ತು. ಕ್ಲಿಪ್ ಬಿದ್ದುಹೋಗಿತ್ತು. ಹರಿದ ಬಟ್ಟೆಯನ್ನು ಎಳೆದು ಹೊಲಿದಾಗ ಸುತ್ತ ನೆರಿಗೆ ಬೀಳುವಂತೆ, ಒಳಪದರದ ಮಡಿಕೆಗಳು ಎಲ್ಲ ಕಡೆಯಿಂದ ಆ ಗೆರೆಗೆ ಬಂದು ಸೇರಿದ್ದವು. ಹೊಲಿದವರು ನಾವಲ್ಲ.

"ಏನ್ ಕಾಣ್ತದೆ ಸಿದ್ದರಾಜು?"

"ಬಿಳಿ ಗೆರೆ ಮೇಡಂ. ರಕ್ತ ಇಲ್ಲ. ಸುತ್ತ ಚೆನ್ನಾಗಿದೆ."

ಪರೀಕ್ಷೆಗೆ ಕಳಿಸಲು ಮೇಡಂ ಸಣ್ಣ ಚಿಮುಟದಿಂದ ಸ್ವಲ್ಪ ದೂರದ ಒಳಪದರದ ಎಳ್ಳಿನಷ್ಟು ಚೂರನ್ನು ಕಿತ್ತರು. ಒಂದು ಹನಿ ರಕ್ತ ಬಂತು. ಕೊಳವೆಯನ್ನು ಕೂಡಲೇ ತೆಗೆಯದೆ ಅಲ್ಲೇ ನಿಲ್ಲಿಸಿದರು. ನಾವೆಲ್ಲ ನೋಡುತ್ತಾ ನಿಂತೆವು. ಹನಿ ಹೆಪ್ಪಾಯಿತು. ಕಿತ್ತ ಜಾಗದ ಸುತ್ತ, ಒಲೆಯಲ್ಲಿ ಕೆಂಡ ಊದಿದಾಗ ಬಣ್ಣ ಏರುವ ಹಾಗೆ, ನಿಧಾನವಾಗಿ ಕೆಂಪು ಏರಿತು. ಜೊಲ್ಲು ಹೀರುವ ಯಂತ್ರ ಸದ್ದು ಮಾಡುತ್ತಿತ್ತು. ಈ ಜೊಲ್ಲು ಹೊಟ್ಟೆಗೇ ಹೋಗಲಿ ಎನ್ನಿಸಿ, ನಾನು ಹೀರುವ ಕೊಳವೆಯನ್ನು ಅವನ ಬಾಯಿಯಿಂದ ಸ್ವಲ್ಪ ಹೊರಗೆ ಎಳೆದೆ. ಅವನು ಒಂದು ಗುಟುಕು ಜೊಲ್ಲು ನುಂಗಿದ. ಪರದೆಯ ಮೇಲೆ ಸ್ವಲ್ಪ ಹೊತ್ತಿಗೆ ಮೇಲಿನಿಂದ ಒಂದು ತೆಳು ನೀರಿನ ಎಳೆ ಇಳಿದು ಬಂತು.

ನುಂಗುವುದು ಆ ಹೊತ್ತಿನಲ್ಲಿ ಒಳ್ಳೆಯದಲ್ಲ, ಉಸಿರಿನ ದಾರಿಗೆ ಹೋಗಬಹುದು. ಮೇಡಂ ನನ್ನತ್ತ ನೋಡಿದರು. ನಾನು ಹೀರುವ ಕೊಳವೆಯನ್ನು ಮತ್ತೆ ಒಳಗಿಟ್ಟೆ. ನೀವು ಹಾಗೆ ಮಾಡಬೇಡಿ.

ಚಿನ್ನತಾಯಿ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು. ಆಮೇಲೆ ಅದನ್ನು ತೆಗೆದು, ಬಹಳ ಮೆಲ್ಲಗೆ ಕೇಳಿದಳು:

"ಮದ್ವೆ ಆದಾಗಿಂದ ನಾನು ಇಕ್ಕಿದ್ ಇಟ್ಟೆಲ್ಲಾ ಇಲ್ಗೇ ಬಿದ್ದಿರದಾ ಅವ್ವಾ?"

"ಹೂಂ ಕಣೆ. ಇಲ್ಲಿಗೇ," ಎಂದರು ಮೇಡಂ.

ಚಿನ್ನತಾಯಿ ಎರಡೂ ಕೈ ಜೋಡಿಸಿದಳು. ಮೇಡಂಗೆ ಮುಗಿದಳು ಎಂದುಕೊಂಡೆ. ಮುಖ ಪರದೆಯ ಕಡೆ ಇತ್ತು.

ನಾನು ನಿವೃತ್ತನಾಗಿ ಯಳಂದೂರಿಗೆ ಬಂದಿದ್ದೇನೆ. ಅವತ್ತು ಆ ಕೋಣೆಯಲ್ಲಿ ನಿಂತು ನೋಡಿದವರು ನಾಲ್ವರು. ರಾಜಮ್ಮನವರು ತೀರಿಕೊಂಡರು. ಡಾ. ವಿಶಾಲಾಕ್ಷಿ ಮೈಸೂರಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಕೈ ನಡುಗುತ್ತದೆ ಎಂದು ಸ್ಕೋಪ್ ಬಿಟ್ಟಿದ್ದಾರೆ, ಅವತ್ತು ಕಂಡದ್ದನ್ನು ಕೇಳಿದರೆ ಹೇಳುತ್ತಾರೆ. ಚಿನ್ನತಾಯಿ ಗೋಪಿನಾಥಂನಲ್ಲಿದ್ದಾಳೆ. ನಾನಿದ್ದೇನೆ. ಮುತ್ತಯ್ಯನೂ ಇದ್ದಾನೆ, ಈಗಲೂ ತೆಪ್ಪ ಹಾಕುತ್ತಾನೆ. ಆದರೆ ಅವನು ನೋಡಿಲ್ಲ. ಪರದೆ ಅವನ ಬೆನ್ನ ಹಿಂದಿತ್ತು.